ಸೈಲೋಸೈಬಿನ್ ಟ್ರೇನಿಂಗ್‌ಗೆ ಅಡ್ವಾನ್ಸ್ ಕಟ್ಟಲಾ, ಕೌನ್ಸೆಲಿಂಗ್ ಓದು ಮುಗಿಸಲಾ?

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು ಮಾಡಿದವಳು. ಮದುವೆಯಾದ ಮೇಲೆ ಮೂರು ವರ್ಷದಿಂದ ಅಮೆರಿಕದ ಒರೆಗಾನ್‌ನಲ್ಲಿ, ಹಿಲ್ಸ್‌ಬರೋದಲ್ಲಿ ಇದ್ದೇನೆ. ಗಂಡನದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4. ಕೆಲಸದ ಪರ್ಮಿಟ್ ಇನ್ನೂ ಬಂದಿಲ್ಲ. ಇಲ್ಲಿ ಕೌನ್ಸೆಲಿಂಗ್ ಮಾಸ್ಟರ್ಸ್ ಮೊದಲ ವರ್ಷ ಓದುತ್ತಿದ್ದೇನೆ. ಊರಿನಲ್ಲಿದ್ದಾಗ ಫೀಲ್ಡ್ ವರ್ಕ್‌ಗೆ ಜೈಲಿಗೆ ಹೋಗುತ್ತಿದ್ದೆ, ಆಗಿನಿಂದ ಕೈದಿಗಳ ಜೊತೆ ಕೆಲಸ ಮಾಡುವ ಆಸೆ. ಒರೆಗಾನ್‌ನಲ್ಲಿ ಈಗ ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಸೈಲೋಸೈಬಿನ್ ಅಣಬೆ ಕಾನೂನುಬದ್ಧ, ಅದನ್ನು ತೆಗೆದುಕೊಳ್ಳುವವರ ಜೊತೆ ಕೂರುವ ಫೆಸಿಲಿಟೇಟರ್ ಟ್ರೇನಿಂಗ್ ಕೆಲವೇ ತಿಂಗಳಲ್ಲಿ ಮುಗಿಯುತ್ತದಂತೆ. ಈ ತಿಂಗಳ ಕೊನೆಯೊಳಗೆ 1500 ಡಾಲರ್ ಅಡ್ವಾನ್ಸ್ ಕಟ್ಟಬೇಕು. ಓದು ಬಿಟ್ಟು ಇದನ್ನೇ ಮಾಡಿ, ಜೈಲಿನಿಂದ ಹೊರಬಂದವರಿಗೆ ಈ ಥೆರಪಿ ಕೊಡಬಹುದಾ? ಇದರಲ್ಲಿ ಹೊಟ್ಟೆ ತುಂಬುತ್ತಾ?

ಉತ್ತರ: ಮೇಡಂ ಬೇಡ, ಅಕ್ಕ ಅಂದರೆ ಸಾಕು. ಮೊದಲು ನಿಮ್ಮ ವೀಸಾ ವಿಷಯ ಮಾತಾಡೋಣ. ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ಉಳಿದದ್ದೆಲ್ಲ ನಿಂತಿರುವುದೇ ಅದರ ಮೇಲೆ.

ಒರೆಗಾನ್ ಜನ 2020ರ ನವೆಂಬರ್‌ನಲ್ಲಿ ಮೆಷರ್ 109 ಅನ್ನು ವೋಟು ಹಾಕಿ ಪಾಸ್ ಮಾಡಿದರು. 21 ತುಂಬಿದವರು ಲೈಸೆನ್ಸ್ ಇರುವ ಸೆಂಟರ್‌ಗೆ ಹೋಗಿ, ಲೈಸೆನ್ಸ್ ಇರುವ ಫೆಸಿಲಿಟೇಟರ್ ಎದುರು ಸೈಲೋಸೈಬಿನ್ ತೆಗೆದುಕೊಳ್ಳಬಹುದು ಎಂದಾಯಿತು. 2023ರಲ್ಲಿ ಮೊದಲ ಸೆಂಟರ್ ಬಾಗಿಲು ತೆರೆಯಿತು. ಇದೆಲ್ಲ ರಾಜ್ಯದ ಕಾನೂನು. ಅಮೆರಿಕದ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಸೈಲೋಸೈಬಿನ್ ಇವತ್ತಿಗೂ ಹೆರಾಯಿನ್ ಇರುವ ಪಟ್ಟಿಯಲ್ಲೇ ಇದೆ, ಅತಿ ಬಿಗಿ ನಿಷೇಧದ ಶೆಡ್ಯೂಲ್ 1 ಅಂತಾರಲ್ಲ, ಅದರಲ್ಲಿ. ನಿಮ್ಮ ವೀಸಾ, ನಾಳೆ ಬರಬೇಕಾದ ಗ್ರೀನ್ ಕಾರ್ಡ್, ಆಮೇಲಿನ ಪೌರತ್ವ, ಯಾವುದೂ ಒರೆಗಾನ್ ಸರ್ಕಾರದ ಕೈಯಲ್ಲಿಲ್ಲ. ಎಲ್ಲ ಕೇಂದ್ರದ್ದು. ಗಾಂಜಾ ವಿಷಯದಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ: ರಾಜ್ಯದಲ್ಲಿ ಕಾನೂನುಬದ್ಧವಾದ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದರೂ ಪೌರತ್ವಕ್ಕೆ ಬೇಕಾದ 'ಒಳ್ಳೆಯ ನಡತೆ' ಇಲ್ಲ ಎಂದು ತೀರ್ಮಾನಿಸಬಹುದು ಎಂದು 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಬರೆದು ಹಾಕಿತು. ಆಗ ಗಾಂಜಾ ಇದ್ದದ್ದೂ ಇದೇ ಪಟ್ಟಿಯಲ್ಲಿ. ಫೆಸಿಲಿಟೇಟರ್ ಆಗಿ ನೀವು ಕುಳಿತುಕೊಳ್ಳುವುದು ಆ ವಸ್ತುವನ್ನು ಒಬ್ಬರ ಕೈಗೆ ಕೊಡುವ ಕೋಣೆಯಲ್ಲಿ. ಒರೆಗಾನ್ ಪೊಲೀಸರು ಏನೂ ಅನ್ನುವುದಿಲ್ಲ, ನಿಜ. ಆದರೆ ಮೈಸೂರಿಗೆ ಹೋಗಿ ವಾಪಸ್ ಬರುವಾಗ ಏರ್‌ಪೋರ್ಟ್ ಕೌಂಟರ್‌ನಲ್ಲಿ 'ಏನು ಕೆಲಸ ನಿಮ್ಮದು' ಎಂದು ಕೇಳುವವನು ಒರೆಗಾನ್‌ನವನಲ್ಲ. ಇನ್ನು ಟ್ರೇನಿಂಗ್ ಬ್ಯಾಚಿನಲ್ಲಿ ಕೆಲವರು 'ನಾವೂ ಒಮ್ಮೆ ತೆಗೆದುಕೊಂಡು ನೋಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೇಗೆ ಜೊತೆ ಕೂರೋದು' ಅಂತಾರೆ. ಅವರು ಇಲ್ಲಿನ ಪ್ರಜೆಗಳು, ಹೇಳಬಹುದು. ನೀವು ಆ ಮಾತಿಗೆ ಹೋಗಬೇಡಿ. ಶಿಕ್ಷೆಯೇ ಆಗಬೇಕಂತಿಲ್ಲ, ತೆಗೆದುಕೊಂಡೆ ಎಂದು ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ವೀಸಾಕ್ಕೆ ಕುತ್ತು ಬರಬಹುದು.

ನಾನು ಇಲ್ಲಿಗೆ ಬಂದು ಹದಿನಾರು ವರ್ಷ ಆಯಿತು. ಮಾದಕ ವ್ಯಸನದ ಕೌನ್ಸೆಲರ್ ಆಗಿ ಶುರು ಮಾಡಿ, ಆಮೇಲೆ ಜೈಲು, ಪ್ರೊಬೇಷನ್ (ಜೈಲಿನ ಹೊರಗೆ, ಷರತ್ತಿನ ಮೇಲೆ ನಿಗಾದಲ್ಲಿ ಇರುವುದು) ಕಡೆ ಹೋದೆ. ಫೆಸಿಲಿಟೇಟರ್ ಟ್ರೇನಿಂಗ್‌ಗೆ ಸೇರಿದ್ದು ಪೌರತ್ವದ ಪ್ರಮಾಣವಚನ ಆಗಿ, ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೇನೇ. ಅತಿ ಜಾಗ್ರತೆ ಅಂತ ಗಂಡ ನಕ್ಕಿದ್ದ. ನಗಲಿ ಬಿಡಿ.

ಈಗ ಆ ಟ್ರೇನಿಂಗ್ ಬಗ್ಗೆ. ಕಾಗದದ ಮೇಲೆ ಸುಲಭ: 21 ವರ್ಷ ತುಂಬಿರಬೇಕು, ಹೈಸ್ಕೂಲ್ ಮುಗಿಸಿರಬೇಕು, 120 ಗಂಟೆ ಪಾಠ, 40 ಗಂಟೆ ಪ್ರಾಕ್ಟಿಕಮ್ ಅಂದರೆ ಪ್ರಾಯೋಗಿಕ ತರಬೇತಿ, ಒಂದು ಪರೀಕ್ಷೆ. ಡಿಗ್ರಿ ಬೇಕಿಲ್ಲ. ಫೀಸು ಎಂಟು ಹತ್ತು ಸಾವಿರ ಡಾಲರ್ ಆಗುವುದು ಸಾಮಾನ್ಯ. ಅದರ ಮೇಲೆ ಲೈಸೆನ್ಸ್‌ಗೆ ವರ್ಷಕ್ಕೆ 2000 ಡಾಲರ್, ಪ್ರತಿ ವರ್ಷ. ಸೆಂಟರ್ ನಡೆಸುವವರು ವರ್ಷಕ್ಕೆ 10,000 ಕಟ್ಟಬೇಕು, ಆ ಭಾರಕ್ಕೆ ಬಾಗಿಲು ಹಾಕಿದ ಸೆಂಟರ್‌ಗಳೂ ಇವೆ. ಮುಖ್ಯವಾದ ಒಂದು ವಿಷಯ ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ: ಒರೆಗಾನ್ ಕಾನೂನು ಇದನ್ನು ಚಿಕಿತ್ಸೆ ಎಂದು ಕರೆಯುವುದೇ ಇಲ್ಲ, 'ಸೇವೆ' ಎನ್ನುತ್ತದೆ. ಫೆಸಿಲಿಟೇಟರ್ ಆಗಿ ನೀವು ರೋಗ ಇಂಥದ್ದು ಎಂದು ಹೇಳುವಂತಿಲ್ಲ, ವಾಸಿ ಮಾಡುತ್ತೇನೆ ಎಂದೂ ಹೇಳುವಂತಿಲ್ಲ. ಶುರುವಿನ ನಿಯಮದಲ್ಲಂತೂ ಕೌನ್ಸೆಲರ್ ಲೈಸೆನ್ಸ್ ಇದ್ದವರೂ ಆ ಕೋಣೆಗೆ ಬಂದಾಗ ಅದನ್ನು ಹೊರಗಿಟ್ಟೇ ಬರಬೇಕಿತ್ತು. ಅಂದರೆ ನೀವು 'ಈ ಥೆರಪಿ' ಅಂತ ಬರೆದಿದ್ದೀರಲ್ಲ, ಆ ಸರ್ಟಿಫಿಕೇಟ್ ಒಂದರಿಂದ ನೀವು ಥೆರಪಿಸ್ಟ್ ಆಗುವುದಿಲ್ಲ. ತಮಾಷೆ ಏನೆಂದರೆ ಮೆಷರ್ 109 ಅನ್ನು ಜನರ ಮುಂದಿಟ್ಟ ಟಾಮ್ ಮತ್ತು ಶೆರಿ ಎಕರ್ಟ್ ದಂಪತಿ ಇಬ್ಬರೂ ಥೆರಪಿಸ್ಟ್‌ಗಳೇ.

ನನ್ನ ಪ್ರಾಕ್ಟಿಕಮ್‌ನ ಒಂದು ದಿನ ಹೇಳುತ್ತೇನೆ. ಬಂದಾಕೆಗೆ ಅರವತ್ತು ದಾಟಿತ್ತು, ಗಂಡ ತೀರಿಕೊಂಡು ಎರಡು ವರ್ಷ. ಹಿಂದಿನ ವಾರವೇ ಕೂತು ಫಾರ್ಮ್ ತುಂಬಿದ್ದೆವು. ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಕಳೆದ ಮೂವತ್ತು ದಿನದಲ್ಲಿ ತಗೊಂಡಿದ್ದೀರಾ, ಸೈಕೋಸಿಸ್ (ವಾಸ್ತವದ ಅರಿವೇ ತಪ್ಪುವ ಕಾಯಿಲೆ) ಆಗಿತ್ತಾ, ನಿಮಗೋ ಬೇರೆಯವರಿಗೋ ಏನಾದರೂ ಮಾಡಿಬಿಡಬೇಕು ಅನ್ನಿಸುತ್ತಾ. ಇದರಲ್ಲಿ ಒಂದಕ್ಕೆ ಹೌದು ಅಂದರೂ ಅಲ್ಲಿಗೇ ನಿಲ್ಲುತ್ತದೆ. ಮುಟ್ಟುವ ವಿಷಯವನ್ನೂ ಮೊದಲೇ ಬರೆದು ಸಹಿ ಹಾಕಿಸಬೇಕು: ಕೈ, ಪಾದ, ಭುಜ, ಒಂದು ಅಪ್ಪುಗೆ, ಅಷ್ಟೇ, ಅದೂ ಆಕೆ ಒಪ್ಪಿದ್ದರೆ. ಆ ದಿನ ಪುಡಿ ಮಾಡಿದ ಅಣಬೆಯನ್ನು ಬಿಸಿನೀರಿಗೆ ಹಾಕಿ ಕುಡಿದರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒರಗಿದರು. ಸುಮಾರು ಆರು ಗಂಟೆ. ಅದರಲ್ಲಿ ನಾನು ಮಾಡಿದ್ದು ಎರಡು ಸಲ ಕಂಬಳಿ ಸರಿ ಮಾಡಿದ್ದು, ಒಂದು ಸಲ ಬಾತ್‌ರೂಮಿನ ಬಾಗಿಲ ತನಕ ಕೈ ಹಿಡಿದು ಕರೆದುಕೊಂಡು ಹೋಗಿದ್ದು. ಉಳಿದ ಹೊತ್ತು ಸುಮ್ನೆ ಕೂತಿದ್ದೆ. ಆಕೆ ಬಿಕ್ಕಿ ಬಿಕ್ಕಿ ಅತ್ತಾಗ ಬಾಯಿ ತೆರೆಯದೆ ಕೂರುವುದು ಎಷ್ಟು ಕಷ್ಟ ಗೊತ್ತಾ? ನಮ್ಮ ಕಡೆ ಯಾರಾದರೂ ಅತ್ತರೆ ನೀರು ಕೊಟ್ಟು, ಬೆನ್ನು ಸವರಿ, 'ಅಳಬೇಡ, ಎಲ್ಲ ಸರಿ ಹೋಗುತ್ತೆ' ಅನ್ನದೆ ಇರುವುದಕ್ಕಾಗುವುದಿಲ್ಲ. ಇಲ್ಲಿ ಅದೇ ತಪ್ಪು. ಸಂಜೆ ಮಗಳು ಬಂದು ಕಾರಿನಲ್ಲಿ ಕರೆದುಕೊಂಡು ಹೋದಳು. ಒಳ್ಳೆಯದಾಯಿತಾ? ಆಯಿತು ಅಂತ ಆಕೆ ಆಮೇಲೆ ಹೇಳಿದರು. ಇಂಥ ಒಂದು ಸೆಷನ್‌ಗೆ ಒಂದು ಸಾವಿರದಿಂದ ಮೂರು ಸಾವಿರ ಡಾಲರ್ ತನಕ ತೆಗೆದುಕೊಳ್ಳುತ್ತಾರೆ, ಇನ್ಶೂರೆನ್ಸ್ ಕೊಡುವುದಿಲ್ಲ. ಆಕೆಗೆ ಸ್ವಂತ ಮನೆ ಇತ್ತು, ಕಾರಿರುವ ಮಗಳಿದ್ದಳು, ಮರುದಿನ ರಜೆ ಹಾಕುವ ಪ್ರಶ್ನೆಯೇ ಇರಲಿಲ್ಲ.

ಈಗ ಜೈಲಿನಿಂದ ಬಂದವನನ್ನು ಆ ಕುರ್ಚಿಯಲ್ಲಿ ಕೂರಿಸಿ ನೋಡಿ. ಆಗುವುದಿಲ್ಲ. ದುಡ್ಡು ಒಂದು ಕಡೆ ಇರಲಿ, ಅವನು ಹೆಚ್ಚಾಗಿ ಪ್ರೊಬೇಷನ್ ಮೇಲಿರುತ್ತಾನೆ. ಡಾಕ್ಟರ್ ಚೀಟಿ ಇಲ್ಲದೆ ನಿಷೇಧಿತ ವಸ್ತು ಮುಟ್ಟಬಾರದು ಎಂಬುದು ಪ್ರೊಬೇಷನ್‌ನ ಮಾಮೂಲಿ ಷರತ್ತು. ಸೈಲೋಸೈಬಿನ್‌ಗೆ ಯಾವ ಡಾಕ್ಟರೂ ಚೀಟಿ ಬರೆದುಕೊಡುವಂತಿಲ್ಲ. ಅವನಿಗೆ ಅದರಿಂದ ಏನು ಉಪಕಾರವಾಗುತ್ತದೋ ಗೊತ್ತಾಗುವ ಮೊದಲೇ ಅವನು ವಾಪಸ್ ಒಳಗೆ. ಹಾಗಾಗಿ ನೀವು ಒಂದೇ ದಾರಿ ಅಂದುಕೊಂಡಿರುವುದು ಎರಡು ದಾರಿ. ಸದ್ಯಕ್ಕೆ ಅವು ಸೇರುವುದಿಲ್ಲ. ಇದು ನನಗೆ ಸಿಟ್ಟು ತರಿಸುವ ವಿಷಯ, ಯಾಕೆಂದರೆ 2022ರಲ್ಲಿ ಬಂದ ಒಂದು ಅಧ್ಯಯನ ಕುಡಿತದ ಚಟ ಇದ್ದ 93 ಜನರ ಮೇಲೆ ಆದದ್ದು. ಎಲ್ಲರಿಗೂ ಕೌನ್ಸೆಲಿಂಗ್ ಇತ್ತು, ಅದರ ಜೊತೆ ಸೈಲೋಸೈಬಿನ್ ಸಿಕ್ಕವರು ವಿಪರೀತ ಕುಡಿದ ದಿನಗಳು ನೂರಕ್ಕೆ 9.7, ಬೇರೆ ಮಾತ್ರೆ ಸಿಕ್ಕವರಲ್ಲಿ 23.6. ಚಿಕ್ಕ ಅಧ್ಯಯನ, ಯಾರಿಗೆ ಯಾವುದು ಸಿಕ್ಕಿತು ಎಂದು ಬಹಳ ಜನಕ್ಕೆ ಗೊತ್ತಾಗಿಬಿಡುತ್ತದೆ ಎಂಬ ತೊಂದರೆ ಬೇರೆ. ಆದರೂ ಕುಡಿತದಿಂದಲೇ ಜೈಲಿಗೆ ಬಂದ ನೂರಾರು ಮುಖ ನನ್ನ ಕಣ್ಣ ಮುಂದೆ ಬರುತ್ತವೆ.

ಜೈಲಿನವರಿಗೇ ಕೊಟ್ಟು ನೋಡಿಲ್ಲವಾ ಎಂದರೆ, ನೋಡಿದ್ದಾರೆ. ಈ ಕಥೆ ಈ ಕ್ಷೇತ್ರಕ್ಕೆ ಬರುವ ಎಲ್ಲರಿಗೂ ಗೊತ್ತಿರಬೇಕು. 1961ರಲ್ಲಿ ಹಾರ್ವರ್ಡ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಟಿಮೊತಿ ಲೀರಿ ತನ್ನ ತಂಡದ ಜೊತೆ ಮ್ಯಾಸಚೂಸೆಟ್ಸ್‌ನ ಕಾನ್‌ಕಾರ್ಡ್ ಜೈಲಿಗೆ ಹೋಗಿ 32 ಕೈದಿಗಳಿಗೆ ಸೈಲೋಸೈಬಿನ್ ಕೊಟ್ಟ, ಜೊತೆಗೆ ಗುಂಪು ಮಾತುಕತೆ. ಬಿಡುಗಡೆಯಾದವರು ಮತ್ತೆ ಜೈಲಿಗೆ ಬರುವುದು ಬಹಳ ಕಡಿಮೆಯಾಯಿತು ಎಂದು ಸಾರಿದ. ವರ್ಷಾನುಗಟ್ಟಲೆ ಜನ ಅದನ್ನೇ ಹೇಳಿಕೊಂಡು ಬಂದರು. 34 ವರ್ಷ ಆದ ಮೇಲೆ ರಿಕ್ ಡಾಬ್ಲಿನ್ ಎನ್ನುವವರು ಹಳೆಯ ರೆಕಾರ್ಡ್ ಎಲ್ಲ ತೆಗೆಸಿ ಲೆಕ್ಕ ಹಾಕಿದರು. ಲೀರಿ ತನ್ನ ಕೈದಿಗಳು ಹೊರಬಂದ ಸ್ವಲ್ಪ ಕಾಲದ ಲೆಕ್ಕವನ್ನು ಬೇರೆ ಕೈದಿಗಳ ಜಾಸ್ತಿ ಕಾಲದ ಲೆಕ್ಕದ ಜೊತೆ ಹೋಲಿಸಿದ್ದ. ಸರಿಯಾಗಿ ಹೋಲಿಸಿದರೆ ವ್ಯತ್ಯಾಸವೇ ಇಲ್ಲ. 1998ರಲ್ಲಿ ಡಾಬ್ಲಿನ್ ಇದನ್ನು ಪ್ರಕಟಿಸಿದರು. ಗಮನಿಸಿ, ಈ ಮನುಷ್ಯ ಸೈಕೆಡೆಲಿಕ್ (ಸೈಲೋಸೈಬಿನ್‌ನಂಥ ಮನಸ್ಸಿನ ಸ್ಥಿತಿ ಬದಲಿಸುವ ವಸ್ತುಗಳ) ವಿರೋಧಿ ಅಲ್ಲ. ಎಂಡಿಎಂಎ ಎಂಬ ಇನ್ನೊಂದು ನಿಷೇಧಿತ ವಸ್ತುವಿಗೆ ಔಷಧಿಯಾಗಿ ಮಾನ್ಯತೆ ಕೊಡಿಸಬೇಕೆಂದು 1986ರಲ್ಲಿ ಮ್ಯಾಪ್ಸ್ ಸಂಸ್ಥೆ ಕಟ್ಟಿದವರು ಇವರೇ. ಲೀರಿ ಹೇಳಿದ್ದು ನಿಜ ಆಗಿದ್ದರೆ ಇವರಿಗಿಂತ ಖುಷಿ ಪಡುವವರು ಯಾರೂ ಇರುತ್ತಿರಲಿಲ್ಲ. ತಮಗೆ ಬೇಡದ ಉತ್ತರ ಸಿಕ್ಕರೂ ಮುಚ್ಚಿಡಲಿಲ್ಲ, ಅದಕ್ಕೆ ನನಗೆ ಅವರ ಮೇಲೆ ಗೌರವ. ಔಷಧಿಯ ಒಂದೆರಡು ದಿನದಿಂದ ಏನೂ ಆಗುವುದಿಲ್ಲ, ಹೊರಗೆ ಬಂದ ಮೇಲೆ ಯಾರು ಜೊತೆಗಿರುತ್ತಾರೆ ಎಂಬುದನ್ನೂ ಸೇರಿಸಿಯೇ ಪರೀಕ್ಷೆ ಮಾಡಬೇಕು ಎಂಬ ಮಾತೂ ಆ ಲೇಖನದಲ್ಲಿ ಬರುತ್ತದೆ.

ಇದಕ್ಕಿಂತ ಕೆಟ್ಟ ಕಥೆಯೂ ಇದೆ. 1950ರ ದಶಕದಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ಡಾಕ್ಟರ್ ವ್ಯಸನಿ ಕೈದಿಗಳ ಮೇಲೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ವಸ್ತುವಿನ ಪ್ರಯೋಗ ಮಾಡಿದ. ಬಹುತೇಕ ಕಪ್ಪು ಜನ. ಕೆಲವರಿಗೆ 77 ದಿನ ಒಂದೇ ಸಮನೆ ಕೊಟ್ಟ. ಪ್ರಯೋಗಕ್ಕೆ ಒಪ್ಪಿದವರಿಗೆ ಕೊಡುತ್ತಿದ್ದ ಬಹುಮಾನ ಏನು ಗೊತ್ತಾ, ಅವರು ಯಾವುದಕ್ಕೆ ಅಂಟಿಕೊಂಡಿದ್ದರೋ ಅದೇ ಮಾದಕ ವಸ್ತು. ಕೈದಿಗಳ ಮೇಲೆ ಸಂಶೋಧನೆ ಮಾಡುವುದಕ್ಕೆ ಇಲ್ಲಿ 1978ರಿಂದ ಬಿಗಿ ನಿಯಮಗಳಿವೆ. ಒಳಗೆ ಕೂತವನ 'ಹೂಂ' ಅನ್ನುವುದು ಎಷ್ಟು ಹೂಂ ಎಂದು ಕೇಳಬೇಕಾದ್ದೇ. ಜೈಲಿನ ಒಳಗೆ ಇದನ್ನು ತರಬೇಕು ಎಂದು ಹುರುಪಿನಿಂದ ಮಾತಾಡುವವರನ್ನು ಕಂಡಾಗ ನಾನು ಲೆಕ್ಸಿಂಗ್ಟನ್ ಹೆಸರು ಎತ್ತುತ್ತೇನೆ. ಕೆಲವರು ಆಮೇಲೆ ನನ್ನನ್ನು ಊಟಕ್ಕೆ ಕರೆಯುವುದಿಲ್ಲ.

ಜೈಲು ಸುಧಾರಣೆ ಕಡೆ ಬರೋಣ. 2020ರಲ್ಲಿ ಒರೆಗಾನ್ ಜನ ಅದೇ ದಿನ ಮೆಷರ್ 110 ಅನ್ನೂ ಪಾಸ್ ಮಾಡಿದ್ದರು. ಸ್ವಲ್ಪ ಪ್ರಮಾಣದ ಮಾದಕ ವಸ್ತು ಇಟ್ಟುಕೊಂಡಿದ್ದರೆ ಜೈಲಿಲ್ಲ, 100 ಡಾಲರ್ ದಂಡದ ಚೀಟಿ. ಒಂದು ಸಹಾಯವಾಣಿಗೆ ಫೋನ್ ಮಾಡಿ ಮಾತಾಡಿದರೆ ಆ ದಂಡವೂ ಮಾಫಿ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲ 15 ತಿಂಗಳಲ್ಲಿ ಆ ಸಹಾಯವಾಣಿಗೆ ಬಂದ ಕರೆ 119. ಚೀಟಿಯನ್ನು ಜನ ಅಲ್ಲೇ ಫುಟ್‌ಪಾತ್ ಮೇಲೆ ಬಿಟ್ಟು ಹೋಗುತ್ತಿದ್ದರು. ಚಿಕಿತ್ಸೆಗೆ ಗಾಂಜಾ ತೆರಿಗೆಯಿಂದ ಕೊಡಬೇಕಿದ್ದ ಹಣ ಸರ್ಕಾರದಿಂದ ಹೊರಬರುವ ಹೊತ್ತಿಗೆ ಬೀದಿ ತುಂಬ ಫೆಂಟನಿಲ್ ಎಂಬ ಹೆರಾಯಿನ್‌ಗಿಂತ ತೀವ್ರವಾದ ಮಾದಕ ವಸ್ತು ಬಂದಾಗಿತ್ತು. ಜನ ಬೇಸತ್ತರು. 2024ರ ಸೆಪ್ಟೆಂಬರ್ 1ರಿಂದ ಅದು ಮತ್ತೆ ಅಪರಾಧ, 180 ದಿನದ ತನಕ ಜೈಲು. ಕಾನೂನೇ ತಪ್ಪಾಗಿತ್ತು ಎಂದು ನಾನು ಹೇಳುವುದಿಲ್ಲ. ಜೈಲಿನ ಬಾಗಿಲು ಮುಚ್ಚಿದರು, ಬೇರೆ ಬಾಗಿಲು ತೆರೆಯುವ ಮೊದಲೇ ಮುಚ್ಚಿದರು, ಅದು ತಪ್ಪಾಗಿತ್ತು. ಈಗ ಹಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯ ಹಾಗೆ) 'ಡಿಫ್ಲೆಕ್ಷನ್' ಇದೆ: ಹಿಡಿದವರನ್ನು ಕೋರ್ಟಿಗೆ ಕಳಿಸುವ ಬದಲು ಕೌನ್ಸೆಲರ್ ಹತ್ತಿರ ಕಳಿಸುವುದು. ಆ ಕುರ್ಚಿಗಳಲ್ಲಿ ಕೂರುವುದಕ್ಕೆ ಜನ ಸಾಲದು. ನಿಮ್ಮ ಕೆಲಸ ಇರುವುದು ಅಲ್ಲಿ.

ಕೆಲಸ ಹೇಗಿರುತ್ತದೆ ಎಂದರೆ, ನಾನು ಮಾಡಿದ ಒಂದು ತಪ್ಪಿನಿಂದ ಹೇಳುತ್ತೇನೆ. ಒಂದು ಕೌಂಟಿ ಜೈಲಿನಲ್ಲಿ ಒಬ್ಬನ ಜೊತೆ ಎರಡು ತಿಂಗಳು ಕೆಲಸ ಮಾಡಿದ್ದೆ. ಒಳಗೆ ಹೆರಾಯಿನ್‌ನಂಥ ಚಟ ಬಿಡಿಸುವ ಬ್ಯುಪ್ರಿನಾರ್ಫಿನ್ ಔಷಧಿ ಕೊಡುತ್ತಿದ್ದರು, ಚೆನ್ನಾಗಿದ್ದ, ಮಗಳಿಗೆ ಕಾಗದ ಬರೆಯುವುದಕ್ಕೆ ಶುರು ಮಾಡಿದ್ದ. ಬಿಡುಗಡೆ ದಿನ ಗೊತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ಮಾಡಿಸಿದ್ದೆ, ನನ್ನ ಬಗ್ಗೆ ನನಗೇ ಮೆಚ್ಚುಗೆ. ಅವನನ್ನು ಬಿಟ್ಟಿದ್ದು ಆ ದಿನ ಶುರುವಾದ ಕೂಡಲೇ, ಅಂದರೆ ಮಧ್ಯರಾತ್ರಿ ಕಳೆದು ಹತ್ತು ನಿಮಿಷಕ್ಕೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಬೆಲ್ಟು, ಚಾರ್ಜ್ ಇಲ್ಲದ ಫೋನು. ಬಸ್ಸಿಲ್ಲ. ನಡೆದುಕೊಂಡು ಹೋಗುವಷ್ಟು ಹತ್ತಿರ ಇದ್ದದ್ದು ಹಳೆಯ ಗೆಳೆಯರ ಮನೆ ಮಾತ್ರ. ಅಲ್ಲಿ ಹೋಗಿ ಓವರ್‌ಡೋಸ್ ಆಯಿತು. ಅದನ್ನು ಇಳಿಸುವ ನಲಾಕ್ಸೋನ್ ಸ್ಪ್ರೇ ಇದ್ದವರು ಯಾರೋ ಅಲ್ಲಿದ್ದರು, ಬದುಕಿದ. ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಎರಡು ತಿಂಗಳಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ವಾಷಿಂಗ್ಟನ್ ರಾಜ್ಯದ ಬಿಡುಗಡೆಯಾದ ಕೈದಿಗಳ ಬಗ್ಗೆ 2007ರಲ್ಲಿ ಬಂದ ಅಧ್ಯಯನವನ್ನು ನಾನು ಅದಕ್ಕೂ ಮೊದಲೇ ಓದಿದ್ದೆ: ಹೊರಬಂದ ಮೊದಲ ಎರಡು ವಾರ ಡ್ರಗ್ ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು. ಓದಿ ಅಡಿಗೆರೆ ಕೂಡ ಎಳೆದಿದ್ದೆ!

ಹೊಟ್ಟೆ ತುಂಬುತ್ತಾ ಎಂಬ ಪ್ರಶ್ನೆಗೆ: ಬರೀ ಫೆಸಿಲಿಟೇಟರ್ ಆಗಿ ಸಂಸಾರ ನಡೆಸುತ್ತಿರುವವರು ನನ್ನ ಪರಿಚಯದಲ್ಲಿ ಬಹಳ ಕಡಿಮೆ. ಹೆಚ್ಚಿನವರಿಗೆ ಬೇರೊಂದು ಸಂಬಳ ಇದೆ. ಕೌನ್ಸೆಲರ್ ಲೈಸೆನ್ಸ್ ಇದ್ದರೆ ಕೌಂಟಿ, ವ್ಯಸನ ಚಿಕಿತ್ಸಾ ಕೇಂದ್ರ, ವ್ಯಸನಿಗಳನ್ನು ಚಿಕಿತ್ಸೆಗೆ ಹಚ್ಚುವ ಡ್ರಗ್ ಕೋರ್ಟ್, ಬಡ ಆರೋಪಿಗಳ ಪರ ಸರ್ಕಾರ ಕೊಡುವ ವಕೀಲರ ಅಂದರೆ ಪಬ್ಲಿಕ್ ಡಿಫೆಂಡರ್ ಆಫೀಸು, ಎಲ್ಲ ಕಡೆ ಜಾಗ ಇದೆ. ಕೊನೆಯದ್ದನ್ನು ನೀವು ಗಮನಿಸಿ. ಅಲ್ಲಿ ಮಿಟಿಗೇಷನ್ ಸ್ಪೆಷಲಿಸ್ಟ್ ಎಂಬ ಕೆಲಸ ಇದೆ: ಆರೋಪಿಯ ಬಾಲ್ಯ, ಮನೆ, ಶಾಲೆ, ಆಸ್ಪತ್ರೆ ಕಾಗದ ಎಲ್ಲ ಹುಡುಕಿ, ಅವನ ಅಜ್ಜಿಯ ಹತ್ತಿರವೂ ಮಾತಾಡಿ, ಶಿಕ್ಷೆ ಹೇಳುವ ಮೊದಲು ಜಡ್ಜ್ ಮುಂದೆ ಅವನ ಬದುಕನ್ನು ಇಡುವುದು. ಮನೆಮನೆಗೆ ಹೋಗಿ ವರದಿ ಬರೆದ ಎಂಎಸ್‌ಡಬ್ಲ್ಯುನವರಿಗೆ ಹೇಳಿ ಮಾಡಿಸಿದ ಕೆಲಸ.

ಸೈಕೆಡೆಲಿಕ್ ಆಸೆಯನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ. ಅರಿವಳಿಕೆಗೆ ಬಳಸುವ ಕೆಟಮಿನ್ ಅಷ್ಟು ಬಿಗಿಯಿಲ್ಲದ ಶೆಡ್ಯೂಲ್ 3ರಲ್ಲಿದೆ, ಡಾಕ್ಟರ್ ಕೊಡಬಹುದು, ಕೇಂದ್ರದ ಕಾನೂನಿಗೂ ಅಡ್ಡಿಯಿಲ್ಲ. ಅಂಥ ಕ್ಲಿನಿಕ್‌ಗಳಲ್ಲಿ ಜೊತೆ ಕೂರುವ ಕೌನ್ಸೆಲರ್ ಬೇಕು. ಎಲ್ಲೋ ಸೆಷನ್ ಮಾಡಿಸಿಕೊಂಡು ಬಂದವರ ಜೊತೆ ಆಮೇಲೆ ಕೂತು ಮಾತಾಡುವುದು, ಇಂಟಿಗ್ರೇಷನ್ ಅಂತಾರೆ, ಅದು ಬರೀ ಮಾತು, ಅದಕ್ಕೆ ನಿಷೇಧವಿಲ್ಲ. ಎಂಡಿಎಂಎ ಬರುತ್ತೆ ಎಂದು ಕಾದು ಕೂತವರು ಬಹಳ ಇದ್ದರು. 2024ರ ಜೂನ್‌ನಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಅದು ಪರಿಣಾಮಕಾರಿ ಎಂದು ಒಪ್ಪಲಿಲ್ಲ, 9-2. ಆಗಸ್ಟ್‌ನಲ್ಲಿ ಎಫ್‌ಡಿಎ ವಾಪಸ್ ಕಳಿಸಿತು, ಇನ್ನೊಂದು ಟ್ರಯಲ್ ಮಾಡಿ ಎಂದು. ಅದನ್ನೇ ನಂಬಿ ಸಾಲ ಮಾಡಿ ಟ್ರೇನಿಂಗ್ ಮುಗಿಸಿದ್ದ ಇಬ್ಬರು ಗೆಳತಿಯರು ನನಗಿದ್ದಾರೆ. ಇಬ್ಬರೂ ಈಗ ಶಾಲೆಯಲ್ಲಿ ಕೌನ್ಸೆಲರ್.

ಮುಂದೆ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ, ಈ ಅಣಬೆ ಸರ್ಟಿಫಿಕೇಟ್‌ನಿಂದ ಅಲ್ಲಿ ಏನೂ ಗಿಟ್ಟುವುದಿಲ್ಲ. ಸೈಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಭಾರತದ 1985ರ ಮಾದಕ ವಸ್ತು ಕಾಯ್ದೆ, ಎನ್‌ಡಿಪಿಎಸ್ ಅಡಿ ಬರುತ್ತವೆ. ಎಲ್‌ಎಸ್‌ಡಿ 0.1 ಗ್ರಾಂ ಆದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಆದರೆ ಇದೇ ಕಾಯ್ದೆಯ 64ಎ ಸೆಕ್ಷನ್ ಓದಿ ನೋಡಿ: ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಕಾಗದದ ಮೇಲೆ ನಮ್ಮಲ್ಲೂ ಬಾಗಿಲಿದೆ, ಆ ಬಾಗಿಲ ತನಕ ಕರೆದುಕೊಂಡು ಹೋಗುವವರಿಲ್ಲ. ಬೆಂಗಳೂರಿನ ಸೆಂಟ್ರಲ್ ಜೈಲಿನ ಐದು ಸಾವಿರಕ್ಕೂ ಹೆಚ್ಚು ಕೈದಿಗಳ ಮನಸ್ಸಿನ ಆರೋಗ್ಯ, ವ್ಯಸನದ ಬಗ್ಗೆ ನಿಮ್ಹಾನ್ಸ್‌ನವರು ಮಾಡಿದ ಅಧ್ಯಯನ 2011ರಲ್ಲಿ ಬಂತು. ಜೈಲಿಗೆ ಫೀಲ್ಡ್ ವರ್ಕ್‌ಗೆ ಹೋಗುತ್ತಿದ್ದೆ ಎಂದಿರಲ್ಲ, ಅದನ್ನು ಓದಿದರೆ ನೀವು ಕಂಡ ಮುಖಗಳೇ ಅದರಲ್ಲಿ ಸಿಗುತ್ತವೆ. ವ್ಯಸನ ಮತ್ತು ಜೈಲು ಕೆಲಸದ ಅನುಭವ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ.

ಹಾಗಾಗಿ ಈ ತಿಂಗಳು ಮಾಡಬೇಕಾದ್ದು ಇಷ್ಟು. ಆ 1500 ಡಾಲರ್‌ನಲ್ಲಿ ಮೂರ್ನಾಲ್ಕು ನೂರು ತೆಗೆದು ಒಬ್ಬ ಇಮಿಗ್ರೇಷನ್ ವಕೀಲರನ್ನು ನೋಡಿ, ನಿಮ್ಮ ಗಂಡನ ಕಂಪನಿಯ ವಕೀಲರನ್ನಲ್ಲ, ಅವರು ಕೆಲಸ ಮಾಡುವುದು ಕಂಪನಿಗೆ. ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಈ ಟ್ರೇನಿಂಗ್ ನನ್ನ ಗ್ರೀನ್ ಕಾರ್ಡ್‌ಗೆ ತೊಂದರೆಯಾ, ಎಚ್-4 ಮೇಲೆ ಕೋರ್ಸಿನ ಇಂಟರ್ನ್‌ಶಿಪ್ ಎಷ್ಟರ ಮಟ್ಟಿಗೆ ಮಾಡಬಹುದು, ಗಂಡನ ಐ-140 (ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಆಗಿದ್ದರೆ ಕೆಲಸದ ಪರ್ಮಿಟ್‌ಗೆ ಯಾವಾಗ ಹಾಕಬಹುದು. ಮಾಸ್ಟರ್ಸ್ ಬಿಡಬೇಡಿ. ವ್ಯಸನದ ಪೇಪರ್ ಐಚ್ಛಿಕವಾಗಿದ್ದರೆ ಅದನ್ನೇ ತೆಗೆದುಕೊಳ್ಳಿ.

ಜೊತೆಗೆ, ನಿಮ್ಮ ಕೌಂಟಿ ಜೈಲಿನಲ್ಲಿ ವಾಲಂಟಿಯರ್‌ಗಳನ್ನು ತೆಗೆದುಕೊಳ್ಳುತ್ತಾರಾ ವಿಚಾರಿಸಿ, ಫಾರ್ಮ್ ಈಗಲೇ ಹಾಕಿ. ಹಿನ್ನೆಲೆ ಪರಿಶೀಲನೆಗೇ ವಾರಗಟ್ಟಲೆ ಹಿಡಿಯುತ್ತದೆ. ಮೊದಲ ದಿನ ಹೋಗುವಾಗ ತಾಳಿ, ಬಳೆ, ಕಾಲುಂಗುರ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ನಾನು ಹಾಕಿಕೊಂಡು ಹೋಗಿ ಮೆಟಲ್ ಡಿಟೆಕ್ಟರ್ ಮುಂದೆ ಅರ್ಧ ಗಂಟೆ ನಿಂತಿದ್ದೆ, ಕಾಲುಂಗುರ ಏನೆಂದು ಆ ಕಾವಲಿನವನಿಗೆ ವಿವರಿಸಿ ಹೇಳುವುದರೊಳಗೆ ಭೇಟಿಯ ಸಮಯವೇ ಮುಗಿದಿತ್ತು.